ಆರೂವರೆ ಸಾವಿರದ ಬೆಳಕು

ಅಕ್ಕನ ಮಗಳು ಬಂದು, ರಬ್ಬರ್ ಬ್ಯಾಂಡ್ ಹಾಕಿದ ನೋಟಿನ ಸುರುಳಿಯನ್ನು ನನ್ನ ಸ್ಟುಡಿಯೋದ ಗಾಜಿನ ಕೌಂಟರ್ ಮೇಲೆ ಇಟ್ಟಳು. ಎಣಿಸಿದೆ. 6,500 ರೂಪಾಯಿ. ಐವತ್ತರವು, ನೂರರವು, ನಡುವೆ ಒಂದೆರಡು ಇಪ್ಪತ್ತರವು. ಸೀರೆಗೆ ಫಾಲ್ ಹಚ್ಚಿ, ಪಿಕೋ ಹೊಡೆದು ವರ್ಷವಿಡೀ ಕೂಡಿಸಿದ ರೊಕ್ಕ.

“ಮಾಮಾ, ಇಷ್ಟರಾಗ ಒಂದ ಛಲೋ ಕ್ಯಾಮೆರಾ ಕೊಡಸ.”

“ಮನ್ಯಾಗ ಮೊಬೈಲ್ ಐತೆಲ್ಲ ಯವ್ವಾ?”

“ಎಲ್ಲಿ ಐತಿ? ಅಪ್ಪಾ ಹೊಲಕ್ಕ ಹೊಂಟ್ರ ಅದೂ ಹೊಂಟ್ತು. ಕಬ್ಬಿನ ಮೋಟರ್ ಚಾಲೂ ಮಾಡೂದೂ ಅದರಿಂದನ.”

ಅವಳ ಲೆಕ್ಕ ಬೇರೆಯೇ ಇತ್ತು. ಬಸುರಿಯ ಕುಬಸ, ಕೂಸಿನ ತೊಟ್ಟಿಲು, ಅರಿಷಿಣ ಹಚ್ಚುವುದು ಇಂಥವೆಲ್ಲ ಹೆಣ್ಣುಮಕ್ಕಳೇ ಕೂಡುವ ಕಾರ್ಯಗಳು. ಗಂಡಸು ಫೋಟೋದವನು ಒಳಮನೆಗೆ ಬಂದರೆ ಬಾಣಂತಿ ಸೆರಗು ಎಳೆದುಕೊಳ್ಳುತ್ತಾಳೆ, ಮುದುಕಿಯರು ಹಾಡು ನಿಲ್ಲಿಸುತ್ತಾರೆ. ಅಲ್ಲಿ ಒಬ್ಬ ಹುಡುಗಿಯ ಕೈಯಲ್ಲಿ ಕ್ಯಾಮೆರಾ ಇದ್ದರೆ? ನಮ್ಮೂರು ಬೇಡಕಿಹಾಳದಲ್ಲಿ ನಾನು 1991ರಿಂದ ಸ್ಟುಡಿಯೋ ನಡೆಸುತ್ತ ಬಂದವನು. ಈಗ ಪಾಸ್‌ಪೋರ್ಟ್ ಫೋಟೋ, ಝೆರಾಕ್ಸ್, ಆಧಾರ್ ಪ್ರಿಂಟ್ ಇಷ್ಟಕ್ಕೇ ಬಂದು ನಿಂತಿದೆ ನನ್ನ ಧಂದೆ. ಅವಳ ಈ ವಿಚಾರ ನನಗೆ ಮೂವತ್ತು ವರ್ಷ ಯಾಕೆ ಹೊಳೆಯಲಿಲ್ಲ ಎಂದು ಒಳಗೊಳಗೇ ಸಿಟ್ಟು ಬಂತು.

ಅವಳು ಒಂದು ಜಾಹೀರಾತು ಹಿಡಿದುಕೊಂಡೇ ಬಂದಿದ್ದಳು. ಹೊಚ್ಚಹೊಸ ಕ್ಯಾಮೆರಾ, ಗುಲಾಬಿ ಬಣ್ಣ, 48 ಮೆಗಾಪಿಕ್ಸೆಲ್, 16 ಪಟ್ಟು ಜೂಮ್, ಬೆಲೆ 4 ಸಾವಿರದ ಆಸುಪಾಸು. ಹೆಸರು ಮಾತ್ರ ಯಾರೂ ಕೇಳಿದ್ದಲ್ಲ. ಅದನ್ನು ನೋಡಿದಾಗ ನನಗೆ 2006ರ ಒಂದು ಮದುವೆ ಆರ್ಡರ್ ನೆನಪಾಯಿತು.

ಆಗಷ್ಟೇ ರೋಲು ಬಿಟ್ಟು ಡಿಜಿಟಲ್‌ಗೆ ಬರುವ ಕಾಲ. ನಾನೂ ಇಂಥದೇ ಒಂದು ಅನಾಮಿಕ ಕ್ಯಾಮೆರಾ ತಂದಿದ್ದೆ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 12 ಮೆಗಾಪಿಕ್ಸೆಲ್. ಮಂಗಲಾಷ್ಟಕ ಮುಗಿದು, ಮಂದಿ ಅಕ್ಕಿಕಾಳು ಎರಚುವ ಹೊತ್ತಿಗೆ ಸರಿಯಾಗಿ ಗುಂಡಿ ಒತ್ತಿದೆ. ಕ್ಯಾಮೆರಾ ಯೋಚಿಸತೊಡಗಿತು. ಅದು ಯೋಚಿಸಿ ಮುಗಿಸಿ ‘ಟಿಕ್’ ಎನ್ನುವಷ್ಟರಲ್ಲಿ ಕಾಳೆಲ್ಲ ನೆಲದ ಮೇಲಿದ್ದವು, ಮದುಮಗಳ ಮುಖ ತಂಗಿಯ ಕಡೆ ತಿರುಗಿತ್ತು, ಮುಂದಿನ ಸಾಲಿನವರು ಊಟದ ಪಂಕ್ತಿಗೆ ಎದ್ದಿದ್ದರು. ಆ ಮನೆಯವರು ಇವತ್ತಿಗೂ ನನ್ನನ್ನು ಕಂಡರೆ “ನೆಲದ ಫೋಟೋ ತೆಗ್ಯಾವ್ರು ಬಂದ್ರು” ಎನ್ನುತ್ತಾರೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಮುಖಗಳೆಲ್ಲ ಜಲರಂಗಿನ ಚಿತ್ರದ ಹಾಗೆ ಕಲೆಸಿದ್ದವು. ಒಳಗಿದ್ದ ನಿಜವಾದ ಪಿಕ್ಸೆಲ್ಲುಗಳು ಕಡಿಮೆ. ಉಳಿದವನ್ನು ಯಂತ್ರ ತಾನೇ ಊಹಿಸಿ ತುಂಬಿ 12 ಮಾಡಿತ್ತು. ಹಾಲಿಗೆ ನೀರು ಬೆರೆಸಿ ಲೀಟರ್ ಲೆಕ್ಕ ತೋರಿಸಿದಂತೆ.

“ಹಂಗಾರ ಮೆಗಾಪಿಕ್ಸೆಲ್ ಅಂದ್ರ ಏನ ಮಾಮಾ?” ಎಂದಳು. ಈ ಪ್ರಶ್ನೆಯನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ, ಕೇಳಿದರೆ ಅರ್ಧ ರೊಕ್ಕ ಉಳಿಯುತ್ತದೆ.

ಕ್ಯಾಮೆರಾದ ಲೆನ್ಸಿನ ಹಿಂದೆ, ಹಿಂದಿನ ಕಾಲದಲ್ಲಿ ರೋಲು ಇರುತ್ತಿದ್ದ ಜಾಗದಲ್ಲಿ, ಈಗ ಸೆನ್ಸರ್ ಎಂಬ ಚಿಕ್ಕ ಬಿಲ್ಲೆ ಇರುತ್ತದೆ. ಬೆಳಕು ಬೀಳುವ ಹೊಲ ಅದು. ಆ ಹೊಲವನ್ನು ಎಷ್ಟು ಪಾಲು ಮಾಡಿದ್ದಾರೆ ಎಂಬುದೇ ಮೆಗಾಪಿಕ್ಸೆಲ್. ಒಂದು ಮೆಗಾಪಿಕ್ಸೆಲ್ ಎಂದರೆ 10 ಲಕ್ಷ ಪಾಲು. ಈಗ ನಮ್ಮ ಸೀಮೆಯ ಲೆಕ್ಕದಲ್ಲೇ ಹೇಳುವುದಾದರೆ, ಒಂದು ಎಕರೆಯನ್ನು 8 ಮಂದಿ ಅಣ್ಣತಮ್ಮಂದಿರು ಹಂಚಿಕೊಂಡರೆ ಎಲ್ಲರಿಗೂ ಒಂದಿಷ್ಟು ಬೆಳೆ. ಅದೇ ಎಕರೆಯನ್ನು 48 ಮಂದಿ ಹಂಚಿಕೊಂಡರೆ ಹೊಲ ಬೆಳೆಯಲಿಲ್ಲ, ಬದುಗಳು ಬೆಳೆದವು. ಕೇಳಬೇಕಾದ್ದು ಪಾಲು ಎಷ್ಟು ಎಂದಲ್ಲ, ಹೊಲ ಎಷ್ಟು ಎಂದು.

ಸಾಮಾನ್ಯ ಕಾಂಪ್ಯಾಕ್ಟ್ ಕ್ಯಾಮೆರಾಗಳ ವಿವರಪಟ್ಟಿಯಲ್ಲಿ ಸೆನ್ಸರ್ 1/2.3 ಇಂಚು ಎಂದು ಬರೆದಿರುತ್ತದೆ. ಅದರ ನಿಜ ಅಳತೆ ಸುಮಾರು 6.2 ಮಿಲಿಮೀಟರ್ ಅಗಲ, 4.6 ಮಿಲಿಮೀಟರ್ ಎತ್ತರ. ಒಂದು ತೊಗರಿಬೇಳೆಯಷ್ಟು, ಕ್ಷೇತ್ರ 28 ಚದರ ಮಿಲಿಮೀಟರ್. 1/1.7 ಇಂಚಿನದು ಸುಮಾರು 43. ‘ಒಂದು ಇಂಚು’ ಎನ್ನುವುದು 13.2ಕ್ಕೆ 8.8, ಅಂದರೆ 116. ಹಿಂದಿನ ರೋಲಿನ ಒಂದು ಚೌಕಟ್ಟು 36ಕ್ಕೆ 24, ಅಂದರೆ 864. ಗಮನಿಸಿ, ಒಂದು ಇಂಚಿನ ಸೆನ್ಸರ್ ಯಾವ ಕಡೆಯಿಂದ ಅಳೆದರೂ ಒಂದು ಇಂಚು ಇಲ್ಲ. ಹಳೆಯ ಟಿವಿ ಕ್ಯಾಮೆರಾಗಳ ಗಾಜಿನ ನಳಿಗೆಯ ಹೊರ ಅಳತೆಯಿಂದ ಬಂದ ಹೆಸರು ಅದು. ನಳಿಗೆ ಹೋಯಿತು, ಹೆಸರು ಉಳಿಯಿತು.

ಹಾಗಾದರೆ ಎಷ್ಟು ಪಿಕ್ಸೆಲ್ ಸಾಕು? ನಾವು ಆಲ್ಬಮ್ಮಿಗೆ ಹಚ್ಚುವ 4ಕ್ಕೆ 6 ಇಂಚಿನ ಪ್ರಿಂಟಿಗೆ ಇಂಚಿಗೆ 300 ಚುಕ್ಕಿಯಂತೆ 1200ಕ್ಕೆ 1800, ಅಂದರೆ 22 ಲಕ್ಷದೊಳಗೆ. ಎರಡು ಚಿಲ್ಲರೆ ಮೆಗಾಪಿಕ್ಸೆಲ್ಲಿಗೆ ಕೆಲಸ ಮುಗಿಯಿತು. ಗೋಡೆಗೆ ಚೌಕಟ್ಟು ಹಾಕಿ ತೂಗುಹಾಕುವ 8ಕ್ಕೆ 12ಕ್ಕೆ 86 ಲಕ್ಷ. ಕುಬಸದ ಫೋಟೋ ಇದಕ್ಕಿಂತ ದೊಡ್ಡದು ಯಾರು ಮಾಡಿಸುತ್ತಾರೆ? ಚುಕ್ಕಿ ಒಂದಿಷ್ಟು ಕಡಿಮೆಯಾದರೂ ಕಣ್ಣಿಗೆ ತಿಳಿಯುವುದಿಲ್ಲ, 8ರಿಂದ 12 ಮೆಗಾಪಿಕ್ಸೆಲ್ಲಿನ ಹಳೆಯ ಕ್ಯಾಮೆರಾ ಸಾಕು. ಜಗತ್ತಿನ ಮೊದಲ ಡಿಜಿಟಲ್ ಕ್ಯಾಮೆರಾವನ್ನು 1975ರಲ್ಲಿ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಕಟ್ಟಿದಾಗ ಅದರಲ್ಲಿ ಇದ್ದದ್ದು ಬರೀ 10 ಸಾವಿರ ಪಿಕ್ಸೆಲ್. ತೂಕ 3.6 ಕಿಲೋ, ಒಂದು ಚಿತ್ರ ಕ್ಯಾಸೆಟ್ ಟೇಪಿನಲ್ಲಿ ಕೂಡಲು 23 ಸೆಕೆಂಡ್. ಅದನ್ನು ಕಂಡುಹಿಡಿದ ಕಂಪನಿಯೇ 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಈಗ ಪಿಕ್ಸ್‌ಪ್ರೋ ಹೆಸರಿನಲ್ಲಿ ಬರುವ ಕೊಡಾಕ್ ಕಾಂಪ್ಯಾಕ್ಟ್‌ಗಳು ಜೆಕೆ ಇಮೇಜಿಂಗ್ ಎಂಬ ಬೇರೆ ಕಂಪನಿ ಹೆಸರಿನ ಹಕ್ಕು ಪಡೆದು ಮಾರುವಂಥವು. ಕೆಟ್ಟವು ಎಂದಲ್ಲ. ಹಳದಿ ಬಣ್ಣ ನೋಡಿ ಅಪ್ಪನ ಕಾಲದ ಕಂಪನಿ ಎಂದು ನಂಬಬೇಡಿ ಎಂದಷ್ಟೇ.

ಹೊಸ ಕಾಂಪ್ಯಾಕ್ಟ್‌ಗಳು ಅಂಗಡಿಯಲ್ಲಿ ಯಾಕೆ ಕಾಣುತ್ತಿಲ್ಲ ಎಂಬುದಕ್ಕೂ ಕಾರಣ ಇದೆ. 2010ರಲ್ಲಿ ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ ಜಗತ್ತಿಗೆ ಹೋದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು, ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಲೆನ್ಸ್ ಬಿಚ್ಚಲಾಗದ ಸಣ್ಣವೇ. 2023ಕ್ಕೆ ಆ ಸಣ್ಣವುಗಳ ಸಂಖ್ಯೆ 20 ಲಕ್ಷವನ್ನೂ ಮುಟ್ಟಲಿಲ್ಲ. ಮೊಬೈಲ್ ನುಂಗಿತು. ಈಗ ಪಟ್ಟಣದ ಹುಡುಗ ಹುಡುಗಿಯರಿಗೆ ಹಳೆಯ ಡಿಜಿಟಲ್ ಕ್ಯಾಮೆರಾದ ಹುಚ್ಚು ಮತ್ತೆ ಹತ್ತಿದ್ದರಿಂದ, ನಾಲ್ಕು ವರ್ಷದ ಹಿಂದೆ ಗುಜರಿಯವನು ಕಿಲೋ ಲೆಕ್ಕದಲ್ಲಿ ಒಯ್ಯುತ್ತಿದ್ದ ಮಾಲಿಗೆ ಬೆಲೆ ಬಂದಿದೆ. 6,500ರಲ್ಲಿ ನಂಬುವಂಥ ಹೊಸದು ಸಿಗುವುದಿಲ್ಲ. ಕೈ ಬದಲಾದದ್ದೇ ಗತಿ.

ಮರುದಿನ ಇಬ್ಬರೂ ಕೊಲ್ಹಾಪುರದ ಬಸ್ಸು ಹತ್ತಿದೆವು. ನಮಗೆ ಬೆಳಗಾವಿಗಿಂತ ಕೊಲ್ಹಾಪುರ ಹತ್ತಿರ; ಬಟ್ಟೆಗೆ ಇಚಲಕರಂಜಿ, ಯಂತ್ರಕ್ಕೆ ಕೊಲ್ಹಾಪುರ. ದಾರಿಯಲ್ಲಿ ಅವಳಿಗೆ ಬಾಬುರಾವ್ ಪೇಂಟರ್ ಕಥೆ ಹೇಳಿದೆ. ಕೊಲ್ಹಾಪುರದ ಮೇಸ್ತ್ರಿ ಮನೆತನದವ, ನಾಟಕದ ಪರದೆಗೆ ಬಣ್ಣ ಹಚ್ಚುತ್ತಿದ್ದವ. ಸಿನೆಮಾ ಮಾಡಬೇಕು, ವಿಲಾಯತಿ ಕ್ಯಾಮೆರಾಕ್ಕೆ ರೊಕ್ಕ ಇಲ್ಲ. ಶಿಷ್ಯ ದಾಮ್ಲೆಯವರನ್ನು ಜೊತೆಗೆ ಹಾಕಿಕೊಂಡು 1918ರಲ್ಲಿ ತಾನೇ ಕ್ಯಾಮೆರಾ ಕಟ್ಟಿದ. 1920ರಲ್ಲಿ ‘ಸೈರಂಧ್ರಿ’ ತೆರೆಗೆ ಬಂತು. ಅಕ್ಕನ ಮಗಳು ಕಿಟಕಿಯ ಹೊರಗೆ ನೋಡುತ್ತ, “ನಾವೂ ಮನ್ಯಾಗ ಕಟ್ಟಿದ್ರ ಬಸ್ ಚಾರ್ಜ್ ಉಳೀತಿತ್ತು” ಎಂದಳು. ಈಗಿನವರ ಮುಂದೆ ಇತಿಹಾಸ ಹೇಳುವುದು ಕಷ್ಟ.

ಕೊಲ್ಹಾಪುರದಲ್ಲಿ ನನ್ನ ಹಳೆಯ ದೋಸ್ತ್ ಒಬ್ಬ ಕ್ಯಾಮೆರಾ ರಿಪೇರಿ ಮಾಡುತ್ತಾನೆ, ಹಳೆಯವನ್ನು ಮಾರುತ್ತಾನೆ. ಒಂದು ಹರಿವಾಣದ ತುಂಬ ಕ್ಯಾಮೆರಾ ತಂದು ಮುಂದಿಟ್ಟ, ಬದನೆಕಾಯಿ ಆರಿಸಲು ಕೊಟ್ಟ ಹಾಗೆ.

ಅವಳ ಕೈ ನೇರ ಹೋದದ್ದು ತೆಳ್ಳನೆಯ ಬೆಳ್ಳಿಬಣ್ಣದ ಒಂದರ ಮೇಲೆ. ಚಾಲೂ ಮಾಡಿದೆ, ಲೆನ್ಸ್ ಹೊರಬಂತು. “ಕಣ್ಣ ಮುಚ್ಚಿ ಕೇಳ” ಎಂದೆ. ಜೂಮ್ ಒಳಗೆ ಹೊರಗೆ ಆಡಿಸಿದಾಗ ಮರಳು ಅಗಿದಂಥ ಸದ್ದು. ಈ ಸದ್ದಿನ ಪರಿಚಯ ನನಗೆ ಚೆನ್ನಾಗಿಯೇ ಇದೆ. ಪಟ್ಟಣಕೊಡೋಲಿಯ ವಿಠ್ಠಲ ಬೀರದೇವರ ಜಾತ್ರೆಯಲ್ಲಿ ನನ್ನ ಎರಡನೆಯ ಕ್ಯಾಮೆರಾ ಇದೇ ರೋಗದಿಂದ ಸತ್ತಿತು. ಅಲ್ಲಿ ಭಂಡಾರ ಹಾರಿಸುತ್ತಾರಲ್ಲ, ಆಕಾಶವೇ ಹಳದಿ. ಲೆನ್ಸ್ ಹೊರಚಾಚಿಕೊಂಡೇ ಅರ್ಧ ತಾಸು ನಿಂತೆ. ಅರಿಷಿಣದ ಪುಡಿ ನಳಿಗೆಯ ಸಂದಿಗೆ ಇಳಿಯಿತು, ಲೆನ್ಸ್ ನಡುವೆಯೇ ಕಚ್ಚಿಕೊಂಡಿತು. ಪರದೆಯ ಮೇಲೆ ‘ಲೆನ್ಸ್ ಎರರ್’. ರಿಪೇರಿಗೆ ಕೇಳಿದ ರೊಕ್ಕದಲ್ಲಿ ಇನ್ನೊಂದು ಹಳೆಯದು ಬರುತ್ತಿತ್ತು. ತಪ್ಪು ಕ್ಯಾಮೆರಾದ್ದಲ್ಲ, ನನ್ನದೇ. ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಲೆನ್ಸಿನಷ್ಟು ತೂತು ಮಾಡಿ ಸುತ್ತಿದ್ದರೆ ಸಾಕಿತ್ತು. ತಂಬಾಕು ತೂರುವ ಕಣದಲ್ಲೂ ಇದೇ ಮಾತು.

ಆ ಬೆಳ್ಳಿಬಣ್ಣದ್ದನ್ನು ಬದಿಗಿಟ್ಟೆವು. ಹರಿವಾಣದಲ್ಲಿನ ಎರಡನೆಯದು ಕ್ಯಾನನ್ ಪವರ್‌ಶಾಟ್ ಎಸ್95. 2010ರದು, ಅಂಗೈಯಲ್ಲಿ ಅಡಗುವಂಥದು. ಇದನ್ನು ನೋಡಿ ನನ್ನ ಬಾಯಲ್ಲೇ ನೀರು ಬಂತು. ಸೆನ್ಸರ್ 1/1.7 ಇಂಚು, ಅಂದರೆ ಹೊಲ ಸಾಮಾನ್ಯ ಕಾಂಪ್ಯಾಕ್ಟಿನ ಒಂದೂವರೆ ಪಟ್ಟು. ಲೆನ್ಸಿನ ಬಾಯಿ ಎಫ್/2.0. ಈ ‘ಎಫ್’ ಸಂಖ್ಯೆಯನ್ನು ಲೆನ್ಸಿನ ಸುತ್ತಲೇ ಬರೆದಿರುತ್ತಾರೆ, ಯಾರೂ ಓದುವುದಿಲ್ಲ. ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಎಫ್/2.8 ಬಿಡುವ ಬೆಳಕಿನ ಕಾಲುಭಾಗವನ್ನಷ್ಟೇ ಎಫ್/5.6 ಬಿಡುತ್ತದೆ. ಎರಡು ಸಂಖ್ಯೆ ಬರೆದಿದ್ದರೆ ಮೊದಲನೆಯದು ಜೂಮ್ ಎಳೆಯದೇ ಇದ್ದಾಗಿನದು, ಎರಡನೆಯದು ಪೂರ್ತಿ ಎಳೆದಾಗಿನದು. ನಮ್ಮ ಒಳಮನೆಗಳ ಕಥೆ ಗೊತ್ತಲ್ಲ, ಒಂದು ಕಿಟಕಿ, ಒಂದು ಬಲ್ಬು. ಬೆಳಕು ಸಾಲದೆ ಹೋದರೆ ಕ್ಯಾಮೆರಾ ಎರಡರಲ್ಲಿ ಒಂದು ಮಾಡುತ್ತದೆ: ಬಹಳ ಹೊತ್ತು ಕಣ್ಣು ತೆರೆದಿಟ್ಟು ಚಿತ್ರ ಅಲುಗಿಸುತ್ತದೆ, ಇಲ್ಲವೇ ಐಎಸ್‌ಒ ಎಂಬ ಬೆಳಕಿನ ಸೂಕ್ಷ್ಮತೆಯನ್ನು ಏರಿಸಿ ಮುಖದ ಮೇಲೆಲ್ಲ ಸಾಸಿವೆ ಚೆಲ್ಲುತ್ತದೆ. ಆದ್ದರಿಂದ ರೊಕ್ಕ ಕೊಟ್ಟು ಕೊಳ್ಳುವ ಸರಕು ಬೆಳಕೇ. ಗುಲಾಬಿ ಬಣ್ಣವೂ ಅಲ್ಲ, ಮೆಗಾಪಿಕ್ಸೆಲ್ಲೂ ಅಲ್ಲ.

ಎಸ್95ಗೆ ದೋಸ್ತ್ 9 ಸಾವಿರ ಹೇಳಿದ. ಅದರ ಬ್ಯಾಟರಿ ಬೇರೆ ಉಬ್ಬಿತ್ತು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಚಾರ್ಜಿಗೆ ಹಾಕುವುದು ಮನೆಗೆ ಕಡ್ಡಿ ಗೀರಿದ ಹಾಗೆ. ಹೊಸ ಬ್ಯಾಟರಿ ಸೇರಿಸಿದರೆ 10 ಸಾವಿರದ ಹತ್ತಿರ. ನಾನು ಮೇಲಿನದು ಹಾಕುತ್ತೇನೆ ಎಂದೆ. “ಬ್ಯಾಡ ಮಾಮಾ, ನನ್ನ ರೊಕ್ಕದಾಗ ಬರೂದ ತೋರಸ್ರಿ” ಎಂದಳು. ಪೇಟೆಯಲ್ಲಿ ನಾನು ‘ರಿ’ ಆದೆ.

ಹರಿವಾಣದ ತಳದಲ್ಲಿ ಬೆಲ್ಲದ ಅಚ್ಚಿನಂತೆ ದಪ್ಪಗೆ ಕೂತಿತ್ತು ಮೂರನೆಯದು. ಕ್ಯಾನನ್ ಪವರ್‌ಶಾಟ್ ಎ590. 2008ರದು, 8 ಮೆಗಾಪಿಕ್ಸೆಲ್, 4 ಪಟ್ಟು ಜೂಮ್. ಹುಡುಗಿ ಮೂಗು ಮುರಿದಳು. ಸೆನ್ಸರ್ ಚಿಕ್ಕದು, ನಾನೂ ಒಪ್ಪಿದೆ. ಬಾಯಿ ಎಫ್/2.6, ಜೂಮ್ ಎಳೆದರೆ 5.5. ಆದರೆ ಅದರಲ್ಲಿ ನಾಲ್ಕು ಗುಣ ಕಂಡವು. ಒಂದು, ಕೈ ನಡುಕವನ್ನು ಲೆನ್ಸೇ ತಡೆಯುವ ಏರ್ಪಾಡು. ಮತ್ತೊಂದು, ಬಾಯಿಯನ್ನೂ ಕಣ್ಣು ತೆರೆಯುವ ಹೊತ್ತನ್ನೂ ನಾವೇ ಹೊಂದಿಸುವ ಚಕ್ರ. ಕಲಿಯುವವರಿಗೆ ಇದು ಬೇಕೇ ಬೇಕು. ಕಣ್ಣಿಟ್ಟು ನೋಡುವ ಗಾಜಿನ ಕಿಂಡಿಯೂ ಇತ್ತು. ಬಯಲು ಬಿಸಿಲಿನಲ್ಲಿ, ನಮ್ಮೂರ ದಸರಾ ಕುಸ್ತಿಯ ಮಧ್ಯಾಹ್ನದಲ್ಲಿ ಹಿಂದಿನ ಪರದೆ ಕರೀ ಹಲಗೆಯಾಗುತ್ತದೆ, ಈ ಕಿಂಡಿ ಮಾತ್ರ ಕೈಬಿಡುವುದಿಲ್ಲ. ನಾಲ್ಕನೆಯದು ಸೆಲ್. ಅವಳ ಮನೆಯ ಟಿವಿ ರಿಮೋಟಿನದೇ ಅಳತೆಯ ಎರಡು ಎಎ ಸೆಲ್. ಕಂಪನಿ ಬ್ಯಾಟರಿ ಮಾಡುವುದನ್ನು ನಿಲ್ಲಿಸಿತು ಎಂಬ ಚಿಂತೆ ಇಲ್ಲ.

ಆರಿಸಿದ ಮೇಲೆ ಪರೀಕ್ಷೆ. ಹಳೆಯ ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ. ನಾನು ಮೊದಲು ಸೆಲ್ಲಿನ ಬಾಗಿಲು ತೆಗೆದು ನೋಡುತ್ತೇನೆ. ಸೆಲ್ ಸೋರಿ ಹಸಿರು ಪಾಚಿ ಕಟ್ಟಿದ್ದರೆ ಅಲ್ಲಿಗೇ ನಮಸ್ಕಾರ. ಬಾಗಿಲಿನ ಕೊಂಡಿ ಮುರಿದಿದ್ದರೂ ಅಷ್ಟೇ, ಆಮೇಲೆ ಜೀವನಪೂರ್ತಿ ರಬ್ಬರ್ ಬ್ಯಾಂಡ್. ಮನೆಯಿಂದಲೇ ಒಯ್ದ ಸೆಲ್ ಹಾಕಿದೆ, ಮನೆಯಿಂದಲೇ ಒಯ್ದ ಕಾರ್ಡ್ ಹಾಕಿದೆ. ಹತ್ತು ಸಲ ಚಾಲೂ, ಹತ್ತು ಸಲ ಬಂದ್. ಅಂಗಡಿಯ ಬಿಳಿ ಗೋಡೆಯನ್ನು ಬಾಯಿ ಸಣ್ಣದು ಮಾಡಿ ತೆಗೆದೆ. ದೊಡ್ಡದು ಮಾಡಿ ನೋಡಿದರೆ ಮೂಲೆಯಲ್ಲಿ ಬೂದುಬಣ್ಣದ ಒಂದು ಚುಕ್ಕಿ. ಒಳಗೆ ದೂಳು. ಅದರ ಹೆಸರಿನಲ್ಲಿ 400 ರೂಪಾಯಿ ಇಳಿಸಿದೆ. ಲೆನ್ಸನ್ನು ಅಂಗೈಯಿಂದ ಮುಚ್ಚಿ ಒಂದು ಕತ್ತಲೆಯ ಫೋಟೋ. ಕೆಂಪು ಹಸಿರು ಚುಕ್ಕಿ ಹೊಳೆದರೆ ಸೆನ್ಸರ್ ಅಲ್ಲಲ್ಲಿ ಸತ್ತಿದೆ ಎಂದರ್ಥ. ಹೊಳೆಯಲಿಲ್ಲ. ಫ್ಲ್ಯಾಶ್ ಹೊಡೆದು, ಮತ್ತೆ ಹೊಡೆಯಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಎಣಿಸಿದೆ.

ಕಾರ್ಡಿನ ಬಗ್ಗೆ ಒಂದು ಮಾತು, ಇದರಲ್ಲಿ ಬಹಳ ಮಂದಿ ಬೀಳುತ್ತಾರೆ. ಎಸ್‌ಡಿ ಕಾರ್ಡ್ ನೋಡಲು ಒಂದೇ ಥರ, ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವವು ಒಳಗೆ ಮೂರು ಜಾತಿ. ಹಳೆಯ ಎಸ್‌ಡಿ 2 ಜಿಬಿವರೆಗೆ, ಎಸ್‌ಡಿಎಚ್‌ಸಿ 32 ಜಿಬಿವರೆಗೆ, ಅದರ ಮೇಲೆ ಎಸ್‌ಡಿಎಕ್ಸ್‌ಸಿ. 2006ಕ್ಕಿಂತ ಮೊದಲಿನ ಕ್ಯಾಮೆರಾ ಎರಡನೆಯದನ್ನೂ ಓದುವುದಿಲ್ಲ, 2008ರದು ಮೂರನೆಯದನ್ನು ಓದುವುದಿಲ್ಲ. ಆಸೆಯಿಂದ 64 ಜಿಬಿ ತಂದರೆ ಕ್ಯಾಮೆರಾ ತಲೆ ಅಲ್ಲಾಡಿಸುತ್ತದೆ. ಇನ್ನು ಎಕ್ಸ್‌ಡಿ ಕಾರ್ಡ್, ಮೆಮೊರಿ ಸ್ಟಿಕ್ ಬೇಡುವ ಹಳೆಯ ಕ್ಯಾಮೆರಾಗಳು ಕಣ್ಣಿಗೆ ಎಷ್ಟೇ ಚೆಂದ ಕಂಡರೂ ದೂರ ಇರುವುದು ಲೇಸು. ಆ ಕಾರ್ಡುಗಳ ಕಾಲ ಮುಗಿದು ಹೋಯಿತು. ಅವಳಿಗೆ 8 ಜಿಬಿಯವು ಎರಡು ಕೊಡಿಸಿದೆ. ಒಂದು ಕೆಟ್ಟರೆ ಇನ್ನೊಂದು.

ಕ್ಯಾಮೆರಾ 3,600. ರೀಚಾರ್ಜ್ ಆಗುವ ನಿಕಲ್ ಸೆಲ್ ನಾಲ್ಕು ಮತ್ತು ಚಾರ್ಜರ್ 1,150. ಕಾರ್ಡ್ 600, ಚೀಲ 250. ಉಳಿದ 900ರಲ್ಲಿ ಮಿಸಳ್, ಬಸ್ಸು ಕಳೆದು 700 ಅವಳ ಕೈಯಲ್ಲೇ ಮರಳಿತು. ಹತ್ತು ರೂಪಾಯಿಯ ಸಾದಾ ಸೆಲ್ ಈ ಕ್ಯಾಮೆರಾಕ್ಕೆ ಹಾಕಬೇಡ, ಫ್ಲ್ಯಾಶ್ ಹೊಡೆದರೆ ಹತ್ತು ಫೋಟೋಕ್ಕೆ ಅದರ ಪ್ರಾಣ ಹೋಗುತ್ತದೆ ಎಂದು ಬಸ್ಸಿನಲ್ಲಿ ಎರಡೆರಡು ಸಲ ಹೇಳಿದೆ. ವಿಡಿಯೋ ಇದರಲ್ಲಿ ಚೆನ್ನಾಗಿ ಬರುವುದಿಲ್ಲ, ಬೇಕಾದವರಿಗೆ ಮೊಬೈಲೇ ವಾಸಿ ಎಂಬುದನ್ನೂ ಮುಚ್ಚಿಡಲಿಲ್ಲ.

ಮುಂದಿನ ಹದಿನೈದು ದಿನ ಸಂಜೆ ಸ್ಟುಡಿಯೋಕ್ಕೆ ಬಂದಳು. ನಾನು ಹಿಡಿದ ಮೊದಲ ಕ್ಯಾಮೆರಾ ಆಗ್ಫಾ ಕ್ಲಿಕ್ 3. ರೋಲಿಗೆ 12 ಫೋಟೋ, ಬೆಳಕಿಗೆ ಹೊಂದಿಸಲು ಬಿಸಿಲು, ಮೋಡದ ಗುರುತು. ಅದರಲ್ಲಿ ಕಲಿತ ಒಂದೇ ಪಾಠ ಅವಳಿಗೂ ಕೊಟ್ಟೆ, ಮೊದಲು ಬೆಳಕು ಎಲ್ಲಿಂದ ಬರುತ್ತಿದೆ ನೋಡು, ಆಮೇಲೆ ಮಂದಿಯನ್ನು ನೋಡು. ಮೆನುವಿನಲ್ಲಿ ಡಿಜಿಟಲ್ ಜೂಮ್ ಬಂದ್ ಮಾಡಿಸಿದೆ. ಅದು ಜೂಮ್ ಅಲ್ಲ, ಫೋಟೋದ ಅಂಚು ಕತ್ತರಿಸಿ ಹಿಗ್ಗಿಸುವ ಆಟ. ಜೂಮ್ ಬದಲು ಎರಡು ಹೆಜ್ಜೆ ಮುಂದೆ ಹೋಗು ಎಂದೆ. ಗುಂಡಿಯನ್ನು ಅರ್ಧ ಒತ್ತಿ ಹಿಡಿಯುವುದನ್ನು ಕಲಿಸಿದೆ. ಅರ್ಧ ಒತ್ತಿದಾಗ ಕ್ಯಾಮೆರಾ ತನ್ನ ಯೋಚನೆ ಮುಗಿಸಿಕೊಳ್ಳುತ್ತದೆ; ಪೂರ್ತಿ ಒತ್ತಿದಾಗ ತಡಮಾಡುವುದಿಲ್ಲ. ಇಷ್ಟು 2006ರಲ್ಲಿ ನನಗೆ ಗೊತ್ತಿದ್ದರೆ ಅಕ್ಕಿಕಾಳು ಗಾಳಿಯಲ್ಲೇ ಸಿಗುತ್ತಿದ್ದವೋ ಏನೋ.

ಮೊದಲ ಆರ್ಡರ್ ಶಮನೇವಾಡಿಯ ಒಂದು ಕುಬಸ. ಹನ್ನೊಂದರ ಹೊತ್ತಿಗೆ ಯಾರದೋ ಫೋನಿನಿಂದ ಕರೆ.

“ಮಾಮಾ, ಕ್ಯಾಮೆರಾ ಚಾಲೂನ ಆಗವಲ್ದು.”

“ಸೆಲ್ ನೋಡು.”

ಒಂದು ಕ್ಷಣ ಸದ್ದಿಲ್ಲ. ಆಮೇಲೆ, “ಅಯ್ಯ ಶಿವನೇ, ಇವು ನಮ್ಮನಿ ರಿಮೋಟಿನ ಸೆಲ್. ಅಪ್ಪಾ ರಾತ್ರಿ ಅದಲಬದಲ ಮಾಡ್ಯಾನ.” ಇನ್ನೆರಡು ಚಾರ್ಜರಿನಲ್ಲಿದ್ದವಂತೆ, ರಾತ್ರಿಯೆಲ್ಲ ಕರೆಂಟ್ ಇರಲಿಲ್ಲ.

ಫೋನು ಕಟ್ಟಾಯಿತು. ನಾನು ಅಂಗಡಿ ಬಾಗಿಲು ಎಳೆದು ಸೈಕಲ್ ಹತ್ತಬೇಕೆನ್ನುವಷ್ಟರಲ್ಲಿ ಮತ್ತೆ ಕರೆ ಬಂತು, ಬರಬೇಡ ಎಂದು. ಆ ಮನೆಯ ಪಡಸಾಲೆಯ ಗಡಿಯಾರ ಒಂದು, ಅಡುಗೆಮನೆಯದು ಒಂದು, ಎರಡನ್ನೂ ಇಳಿಸಿ ಸೆಲ್ ತೆಗೆದಿದ್ದಳು. ಸೆಲ್ ಬಾಳಲಿ ಎಂದು ಫ್ಲ್ಯಾಶ್ ಬಂದ್ ಮಾಡಿ, ಹಿಂದಿನ ಪರದೆಯನ್ನೂ ಆರಿಸಿ, ಕಿಂಡಿಯಲ್ಲಿ ಕಣ್ಣಿಟ್ಟು, ಬಸುರಿಯನ್ನು ಕಿಟಕಿಯ ಪಕ್ಕಕ್ಕೆ ಮಣೆ ಹಾಕಿ ಕೂರಿಸಿದ್ದಳು. ಬಂದದ್ದು ಒಟ್ಟು 14 ಫೋಟೋ. ಅದರಲ್ಲೊಂದರಲ್ಲಿ ಹಸಿರು ಬಳೆಯ ಕೈಗಳ ಮೇಲೆ ಕಿಟಕಿಯ ಸರಳಿನ ನೆರಳು ಬಿದ್ದಿದೆ, ಹಿಂದೆ ಒಬ್ಬ ಮುದುಕಿ ಬಾಯಿ ತೆರೆದು ಹಾಡುತ್ತಿದ್ದಾಳೆ. ಅದನ್ನು 8ಕ್ಕೆ 12 ಮಾಡಿ ನನ್ನ ಕೌಂಟರಿನ ಹಿಂದೆ ಹಾಕಿದ್ದೇನೆ.

ಸೆಲ್ ಮರಳಿ ಕೊಟ್ಟಿಯೇನು ಎಂದು ಮೊನ್ನೆ ಕೇಳಿದೆ. ನಾಲಿಗೆ ಕಚ್ಚಿಕೊಂಡಳು. ಆ ಮನೆಯ ಎರಡೂ ಗಡಿಯಾರಗಳಲ್ಲಿ ಇನ್ನೂ ಹನ್ನೊಂದೂ ಹತ್ತು ಆಗಿದೆಯಂತೆ.